ಸೀಮೆ ಮದ್ದಿನ ಪಥ್ಯ

ಮೊನ್ನೆ ಮಂಡ್ಯದಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ಕನ್ನಡಕ ಹುಡುಕುತ್ತಾ ಕೈಚೀಲವನ್ನು ಮಡಿಲಿಗೆ ಸುರಿದುಕೊಂಡಾಗ ನನ್ನ ಪಂಪು ಜಾರಿ ಮುಂದಿನ ಸೀಟಿನ ಕೆಳಗೆ ಉರುಳಿಹೋಯಿತು. ಪಂಪು ಎಂದರೆ ಗದ್ದೆಗೆ ನೀರೆತ್ತುವುದಲ್ಲ. ಉಬ್ಬಸದವರು ಬಾಯಿಗಿಟ್ಟುಕೊಂಡು ಫುಸ್ಸೆಂದು ಒತ್ತಿಕೊಳ್ಳುತ್ತಾರಲ್ಲ, ಅದು. ಮುಂದೆ ಕೂತಿದ್ದ ಹೆಂಗಸು ಬಗ್ಗಿ ಎತ್ತಿಕೊಟ್ಟಳು.

"ಏನಮ್ಮ ಇದು, ಮಗೀನ ಪೀಪೀನಾ?"

"ಮಗೀಂದಲ್ಲ ಕಣಮ್ಮ, ನಂದೇ ಪೀಪಿ," ಅಂದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಅವಳೂ ಸುಮ್ಮನಾಗುತ್ತಿದ್ದಳು. ಆದರೆ ಗಂಟೆ ಎಷ್ಟಾಯಿತು ಎಂದು ಕೇಳಿದವರಿಗೆ ಗಡಿಯಾರ ಕೊಂಡ ಕತೆಯಿಂದ ಶುರುಮಾಡುವ ಜಾಯಮಾನ ನನ್ನದು. ಈ ಪೀಪಿ ಊದಲು ಹೋಗಿ ಒಮ್ಮೆ ನನ್ನ ದನಿಯೇ ಹೊರಟುಹೋಗಿತ್ತು ಎಂದು ಆರಂಭಿಸಿದೆ. ಅವಳು ಪೂರ್ತಿ ತಿರುಗಿ, ಸೀಟಿನ ಕಂಬಿಗೆ ಗಲ್ಲ ಊರಿ ಕೇಳತೊಡಗಿದಳು. ಕತೆ ಇನ್ನೇನು ಕಾವು ಏರಬೇಕು, ಗೆಜ್ಜಲಗೆರೆ ಬಂದುಬಿಟ್ಟಿತು. ಫ್ಯಾಕ್ಟರಿ ಶಿಫ್ಟಿಗೆ ಹೊತ್ತಾಯಿತೆಂದು ಪಾಪ, ಮನಸ್ಸಿಲ್ಲದ ಮನಸ್ಸಿನಿಂದ ಇಳಿದು ಹೋದಳು. ಕತೆ ನನ್ನ ಬಾಯಲ್ಲೇ ಉಳಿಯಿತು. ನೀವಾದರೋ ಎಲ್ಲೂ ಇಳಿಯುವ ಹಾಗಿಲ್ಲ, ಪೂರ್ತಿ ಕೇಳಬೇಕು.

ನಮ್ಮದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಹೊಲ, ಗದ್ದೆ, ಕೆರೆ ಬಯಲಿನಲ್ಲಿ ಒಂದಿಷ್ಟು ಕಬ್ಬು ಇದ್ದ ಮನೆ. ಕಬ್ಬು ಕಡಿದು ಆಲೆಮನೆ ಹೂಡಿದರೆ ಊರಿನ ಮಕ್ಕಳಿಗೆಲ್ಲ ಸಂಭ್ರಮ. ಬಿಸಿಬೆಲ್ಲವನ್ನು ಕಬ್ಬಿನ ಎಲೆಗೆ ಸವರಿಕೊಂಡು ನೆಕ್ಕುತ್ತಾ ಅಲ್ಲೇ ಠಳಾಯಿಸುತ್ತಿದ್ದವು. ನಾನು ಮಾತ್ರ ಮನೆಯ ನಡುಕೋಣೆಯಲ್ಲಿ ಗೋಡೆಗೆ ಒರಗಿ ಕೂತು, ಕುಲುಮೆಯ ತಿದಿಯ ಹಾಗೆ ಉಸಿರೆಳೆಯುತ್ತಿದ್ದೆ. ಒಲೆಗೆ ಹಾಕಿದ ರಚ್ಚಿನ, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯ, ಹೊಗೆ ಊರೆಲ್ಲ ಸುತ್ತಿ ಕೊನೆಗೆ ನನ್ನ ಎದೆಯೊಳಕ್ಕೇ ಬಂದು ಬಿಡಾರ ಹೂಡುತ್ತಿತ್ತು. ನನ್ನ ಪಾಲಿನ ಬಿಸಿಬೆಲ್ಲವನ್ನು ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ಅಷ್ಟು ಹೊತ್ತಿಗೆ ಅದು ತಣ್ಣಗಾಗಿ, ಸೆರಗಿನ ನೂಲೂ ಅದಕ್ಕೆ ಅಂಟಿಕೊಂಡಿರುತ್ತಿತ್ತು.

ಈ ಅಜ್ಜಿ ನನ್ನ ಅಪ್ಪನ ತಾಯಿ, ಕೆಂಪಮ್ಮ. ನನ್ನ ಉಬ್ಬಸಕ್ಕೂ ಅವಳಿಗೂ ಒಂದು ಬಗೆಯ ಹಗೆತನವಿತ್ತು. ಪ್ರತಿವರ್ಷ ಚಳಿ ಶುರುವಾಗುವ ಹೊತ್ತಿಗೆ ನನ್ನನ್ನು ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಒಂದು ಮನೆಯವರು ವಂಶಪಾರಂಪರ್ಯವಾಗಿ ಉಬ್ಬಸಕ್ಕೆ ಮದ್ದು ಕೊಡುತ್ತಿದ್ದರು. ಜಗಲಿಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರಬೇಕು. ಬೆಲ್ಲದುಂಡೆಯೊಳಗೆ ಅರೆದ ಸೊಪ್ಪನ್ನು ಇಟ್ಟು ಕೊಟ್ಟದ್ದನ್ನು ಹಲ್ಲಿಗೆ ತಾಗಿಸದೆ ನುಂಗಬೇಕು. ಆಮೇಲೆ ಶುರುವಾಗುತ್ತಿತ್ತು ನೋಡಿ, ಪಥ್ಯ. ಬಿಸಿಲು ಜಗಲಿಯ ಕಂಬದ ಬುಡಕ್ಕೆ ಬರುವವರೆಗೆ ಬಾಯಿ ಬಿಡಕೂಡದು. ನೀರು ಕುಡಿಯಕೂಡದು, ಬಾಯಿ ತೊಳೆಯಕೂಡದು, ಉಗುಳಂತೂ ಉಗುಳಲೇಕೂಡದು. ಮದ್ದು ಗಂಟಲಲ್ಲಿ ಕೂತು ಕೆಲಸ ಮಾಡುವಾಗ ನೀರು ಬಿಟ್ಟರೆ ಅದು ಮುನಿಸಿಕೊಂಡು ಹೊರಟುಹೋಗುತ್ತದಂತೆ. ಊರಿಗೆ ಬಂದ ಮೇಲೂ ಬದನೆಕಾಯಿ ಇಲ್ಲ, ಕುಂಬಳಕಾಯಿ ಇಲ್ಲ, ಮಜ್ಜಿಗೆಯ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ.

ಬದನೆಕಾಯಿ ಬಿಟ್ಟದ್ದಕ್ಕೆ ನನಗೇನೂ ದುಃಖವಿರಲಿಲ್ಲ. ಬಾಯಿ ಮುಚ್ಚಿ ಕೂರುವುದೇ ಶಿಕ್ಷೆ. ಬಿಸಿಲು ಕಂಬ ಮುಟ್ಟಿದ್ದೇ ತಡ, ತೂಬು ಎತ್ತಿದ ಕೆರೆಯ ಹಾಗೆ ಮಾತು ಹರಿಯುತ್ತಿತ್ತು. ವಾಪಸು ಬರುವ ದಾರಿಯುದ್ದಕ್ಕೂ ನಾನು ಆಡುತ್ತಿದ್ದೆ, ಅಜ್ಜಿ "ಊಂ" ಅನ್ನುತ್ತಿದ್ದಳು. ಮದ್ದಿನಿಂದ ಗುಣವಾಯಿತೇ ಎಂದು ನೀವು ಕೇಳಬಹುದು. ಕೆಲವು ವರ್ಷ ಆಯಿತು, ಕೆಲವು ವರ್ಷ ಇಲ್ಲ. ಆದರೆ ಅಜ್ಜಿಯ ಲೆಕ್ಕದಲ್ಲಿ ಮದ್ದು ಯಾವತ್ತೂ ಸೋತದ್ದಿಲ್ಲ. ಸೋಲುತ್ತಿದ್ದದ್ದು ಪಥ್ಯ. "ಯಾರ ಮನೇಲೋ ಮಜ್ಜಿಗೆ ಕುಡ್ದಿದ್ದೀಯೆ, ನಿಜ ಏಳು ಪುಟ್ಟಿ," ಎಂದು ನನ್ನನ್ನೇ ಗದರುತ್ತಿದ್ದಳು.

ಉಸಿರಿಗೆ ಬಡತನವಿದ್ದರೂ ದೇವರು ನನಗೆ ದನಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಎದೆ ಹಗುರವಾಗಿದ್ದ ದಿನ ಕೆರೆ ಏರಿಯ ಮೇಲೆ ನಿಂತು "ಅಪ್ಪೋ, ಉಣ್ಣಕ್ ಬಾರೋ" ಎಂದು ಕೂಗಿದರೆ ಅಪ್ಪ ಮಾತ್ರವಲ್ಲ, ಬಯಲಿನಲ್ಲಿದ್ದ ಎಲ್ಲರೂ ಗುದ್ದಲಿ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುತ್ತಿದ್ದರು. ನನಗೆ ಜ್ವರ ಬಂದ ದಿನ ಊರಿನ ಅರ್ಧ ಗಂಡಸರಿಗೆ ಊಟ ತಡವಾಗುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಅವ್ವನ ಕಡೆಯಿಂದಲೇ ನನಗೆ ಆ ಗುಣ ಬಂದಿರುವುದು.

ಆ ದನಿಯೇ ನನಗೆ ಕೆಲಸ ಕೊಡಿಸಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಳವಳ್ಳಿಯಲ್ಲಿ ಪಿಯುಸಿ ಮುಗಿಸಿದ ನಾನು ಮದ್ದೂರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದೆ. ನಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನೇ. ಅಪ್ಪನಿಗೆ ಹೆಮ್ಮೆ, ಅವ್ವನಿಗೆ ದಿಗಿಲು. ಅಜ್ಜಿ ಮಾತ್ರ ಚರ್ಚೆಗೆ ಅವಕಾಶವನ್ನೇ ಕೊಡಲಿಲ್ಲ. "ಉಬ್ಸದ್ ಮಗ ಅದು. ಒಂದೇ ಪ್ಯಾಟೇಲಿ ಇರಕ್ಕಾದದಾ? ನಾನೂ ಓಯ್ತೀನಿ," ಎಂದು ರಾಗಿಮೂಟೆ, ಒರಳುಕಲ್ಲು, ಒಂದು ಜಾಡಿ ಉಪ್ಪಿನಕಾಯಿ, ಬೆಲ್ಲದ ಅಚ್ಚುಗಳ ಒಂದು ಪಿಂಡಿ ಸಮೇತ ಬಸ್ಸು ಹತ್ತಿದಳು. ಮದ್ದೂರಿನ ಒಂದು ವಠಾರದಲ್ಲಿ ನಮ್ಮಿಬ್ಬರ ಸಂಸಾರ ಶುರುವಾಯಿತು.

ಈಗಿನವರಿಗೆ ಆ ಕಾಲದ ಫೋನು ಹೇಗಿತ್ತೆಂದು ಹೇಳಿದರೆ ನಂಬುವುದಿಲ್ಲ. ಊರಿನಲ್ಲಿ ಯಾರು ರಿಸೀವರ್ ಎತ್ತಿದರೂ ನಮ್ಮ ಬೋರ್ಡಿನ ಮೇಲೆ ಅವರ ಹೆಸರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ಅಲ್ಲಿಗೆ ತಂತಿಯ ಬಳ್ಳಿ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ಅವರು ಹೇಳಿದ ನಂಬರಿಗೆ ಬಳ್ಳಿಯ ಇನ್ನೊಂದು ತುದಿ ಚುಚ್ಚಬೇಕು. ಮದ್ದೂರಿನವರು ನಂಬರು ಹೇಳುತ್ತಿದ್ದರೆಂದು ಮಾತ್ರ ತಿಳಿಯಬೇಡಿ. "ಆ ಎತ್ರುದ್ ಡಾಕ್ಟ್ರುನ್ ಕೊಡಮ್ಮ," "ನಮ್ ಬೀಗ್ರುಗೆ ಆಕವ್ವ," ಹೀಗೆ. ಕರೆಂಟು ಹೋದರೆ ಶಿವನಸಮುದ್ರದ ಪವರ್‌ಹೌಸನ್ನೇ ನಾನು ನಡೆಸುತ್ತಿದ್ದೇನೋ ಎನ್ನುವ ಹಾಗೆ, "ಅಮ್ಮಾವ್ರೆ, ಯಾವಾಗ ಬುಡ್ತೀರಿ ಕರೆಂಟಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಟ್ರೈನಿಂಗಿನಲ್ಲಿ ನಮಗೆ ಮುಗುಳ್ನಗುತ್ತಾ ಮಾತಾಡಬೇಕು, ನಗು ತಂತಿಯಲ್ಲೂ ಕೇಳಿಸುತ್ತದೆ ಎಂದು ಹೇಳಿಕೊಟ್ಟಿದ್ದರು. ಏರಿಯ ಮೇಲೆ ಕೂಗುತ್ತಿದ್ದ ಆ ದನಿಯನ್ನು ನಾನು ಅಲ್ಲಿ ನಯಮಾಡಿ, ಮಡಿಸಿ, ಇಸ್ತ್ರಿ ಹಾಕಿ ಇಟ್ಟುಕೊಂಡೆ. ಮನೆಯಲ್ಲಿ ಅಜ್ಜಿಯೊಡನೆ ಪೂರಿಗಾಲಿ, ಬೋರ್ಡಿನ ಮುಂದೆ ಬೇರೆಯೇ ಹೆಣ್ಣು. ಬೆಲ್ಲದ ಮಂಡಿಯ ಸಿದ್ದೇಗೌಡರು ಫೋನು ಎತ್ತಿದರೆ ಮೊದಲು ನನ್ನ "ನಂಬರ್ ಪ್ಲೀಸ್" ಇನ್ನೊಂದು ಸಲ ಹೇಳಿಸಿಕೊಂಡೇ ಮುಂದಿನ ಮಾತು. "ನಿಮ್ ದನಿ ಕೇಳುದ್ರೆ ಬೆಲ್ಲಕ್ಕೆ ರೇಟು ಸಿಕ್ತದೆ ಕಣಮ್ಮ," ಅನ್ನುತ್ತಿದ್ದರು. ನನಗೂ ಒಳಗೊಳಗೇ ಜಂಬ. ಮೊದಲಿನ ಎರಡು ವರ್ಷ ಪ್ರೊಬೇಷನ್, ಆಮೇಲೆ ಇನ್‌ಸ್ಪೆಕ್ಷನ್ ಆಗಿ ಕಾಯಂ. ನನ್ನ ದನಿಗೆ ಯಾವ ಇನ್‌ಸ್ಪೆಕ್ಷನ್ ಎಂದುಕೊಂಡಿದ್ದೆ.

ಹಾಗೆಂದುಕೊಂಡವಳಿಗೆ ಉಬ್ಬಸ ಪಾಠ ಕಲಿಸಿತು. ಮದ್ದೂರಿನ ಧೂಳಿಗೋ, ಎಕ್ಸ್‌ಚೇಂಜಿನ ಮುಚ್ಚಿದ ಕಿಟಕಿಗಳಿಗೋ, ಎದೆ ಮತ್ತೆ ಬಿಗಿಯತೊಡಗಿತು. "ನಂಬರ್" ಎಂದರೆ "ಪ್ಲೀಸ್" ಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಆ ಕಡೆಯವರು ಲೈನ್ ಕಟ್ಟಾಯಿತೆಂದು ಫೋನು ಕುಕ್ಕುತ್ತಿದ್ದರು. ತಿಂಗಳಲ್ಲಿ ಅರ್ಧ ರಜೆ. ನಮ್ಮ ಸೂಪರ್‌ವೈಸರ್ ನರಸಿಂಹಮೂರ್ತಿಗಳು ಒಳ್ಳೆಯವರು. ಮೈಸೂರಿನಲ್ಲಿ ಇಂಗ್ಲೆಂಡಿನಿಂದ ವಾಪಸಾದ ಒಬ್ಬ ಡಾಕ್ಟರಿದ್ದಾರೆ, ಎದೆ ರೋಗಕ್ಕೆ ಹೊಸ ಔಷಧಿ ಕೊಡುತ್ತಾರಂತೆ, ಹೋಗಿ ಬಾ ಎಂದು ಅವರೇ ಕಳಿಸಿದರು.

ಆ ಡಾಕ್ಟರು ನನಗೆ ಪಂಪು ಕೊಟ್ಟರು. ಆಗ ಅದು ಅಂಗಡಿಗಳಲ್ಲಿ ಸಿಗುವ ವಸ್ತುವಾಗಿರಲಿಲ್ಲ, ಅವರ ಸ್ನೇಹಿತರು ಯಾರೋ ವಿದೇಶದಿಂದ ತಂದುಕೊಡುತ್ತಿದ್ದರಂತೆ. ಉಸಿರು ಪೂರ್ತಿ ಬಿಟ್ಟು, ನಿಧಾನ ಎಳೆದುಕೊಳ್ಳುತ್ತಾ ಒತ್ತಿ, ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬೇಕು, ಬೆಳಿಗ್ಗೆ ಸಂಜೆ ತಪ್ಪಿಸಬಾರದು ಎಂದರು. ಆಮೇಲೆ ಬಾಯಿ, ಗಂಟಲು ಚೆನ್ನಾಗಿ ಮುಕ್ಕಳಿಸಿ ಉಗುಳಿ ಎಂದೂ ಹೇಳಿದರು. ನಾನು ಅದನ್ನು ಔಷಧಿಯ ಕೆಟ್ಟ ರುಚಿ ಹೋಗಲಿಕ್ಕಿರಬೇಕು ಎಂದುಕೊಂಡೆ.

ಮನೆಗೆ ಬಂದು ವಠಾರದ ಬಚ್ಚಲ ಬಳಿ ಮೊದಲನೆಯ ಸಲ ಪಂಪು ಒತ್ತಿಕೊಂಡು, ಚೊಂಬಿನ ನೀರನ್ನು ಬಾಯಿಗೆ ಹಾಕಿ ಗಳಗಳ ಮಾಡಿ ಉಗುಳಿದೆ. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದಳು.

"ಅಯ್ಯೋ ನಿನ್ ಮನೆ ಕಾಯ್ವೋಗ! ಸೀಮೆಯಿಂದ ಬಂದಿರೋ ಮದ್ದಾ ಮೋರಿಗ್ ಉಗುದ್ಯಲ್ಲೇ!"

"ಡಾಕ್ಟ್ರೇ ಉಗಿ ಅಂದ್ರು ಅಜ್ಜಿ."

"ಯಾವ್ ಡಾಕ್ಟ್ರು ಮದ್ ಕೊಟ್ಟು ಉಗಿ ಅಂತಾನೆ? ನೀನ್ ಸರ್ಯಾಗ್ ಕೇಳಸ್ಕಂಡಿಲ್ಲ ಬುಡು. ಮದ್ ತಕ್ಕಂಡ್ ಬಾಯ್ಗೆ ನೀರ್ ಆಕ್ತಾರಾ ಯಾರಾರಾ?"

ನನಗೂ ಅನುಮಾನ ಹತ್ತಿತು. ಹುಟ್ಟಿದಾಗಿನಿಂದ ಜಗಲಿಯ ಮೇಲೆ ಬಾಯಿ ಮುಚ್ಚಿ ಕೂತವಳು ನಾನು. ಮದ್ದೆಂದರೆ ಒಳಗೆ ಉಳಿಯಬೇಕಾದ್ದು ಎನ್ನುವುದು ನನ್ನ ರಕ್ತದಲ್ಲೇ ಇತ್ತು. ಅಲ್ಲದೆ ಪಥ್ಯವೇ ಇಲ್ಲದ ಔಷಧಿಯ ಮೇಲೆ ಅಜ್ಜಿಗೆ ನಂಬಿಕೆ ಹೇಗೆ ಬರಬೇಕು? ಡಾಕ್ಟರು ಕೊಡದ ಪಥ್ಯವನ್ನು ಅವಳೇ ಕೊಟ್ಟಳು. ಪೂರ್ವಕ್ಕೆ ಮುಖಮಾಡಿ ಪಂಪು ಒತ್ತಿಕೊಳ್ಳಬೇಕು, ತಕ್ಷಣ ನಾಲಿಗೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟುಕೊಂಡು ಬಾಯಿ ಮುಚ್ಚಬೇಕು, ಬಿಸಿಲು ವಠಾರದ ತುಳಸಿಕಟ್ಟೆಗೆ ಬರುವವರೆಗೆ ನೀರು ಮುಟ್ಟಕೂಡದು. ಸಂಜೆ ಬಿಸಿಲಿಲ್ಲವಲ್ಲ ಎಂದರೆ, ಹಾಗಾದರೆ ಬೆಳಗಾಗುವವರೆಗೆ ಮುಟ್ಟಬೇಡ ಎಂದಳು.

ಇಷ್ಟಾದರೂ ಮದ್ದು ಕೆಲಸ ಮಾಡಿತು! ಕೆಲವೇ ವಾರಗಳಲ್ಲಿ ನಾನು ದಿಂಬುಗಳ ರಾಶಿಯಿಲ್ಲದೆ ಅಂಗಾತ ಮಲಗಿದೆ. ಮೆಟ್ಟಿಲು ಹತ್ತಿ, ಹತ್ತಿದ್ದೇ ಗೊತ್ತಾಗದೆ ಮೇಲೆ ನಿಂತೆ. ಉಸಿರು ತಾನಾಗಿಯೇ ಬರುವುದು, ಹೋಗುವುದು ಎಷ್ಟು ದೊಡ್ಡ ಸುಖವೆಂದು ಬಿಗಿದ ಎದೆಯವರಿಗೆ ಮಾತ್ರ ಗೊತ್ತು. ಬೇರೆಯವರಿಗೆ ಅದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಅಜ್ಜಿ ವಠಾರದವರಿಗೆಲ್ಲ, "ಮದ್ದೇನೋ ಸೀಮೇದೇ. ಪಥ್ಯ ನಮ್ದು," ಎಂದು ಹೇಳಿಕೊಂಡು ತಿರುಗಿದಳು.

ದನಿ ಹೋದದ್ದು ಆ ಸಂತೋಷದ ನಡುವೆಯೇ. ಮೊದಲು ಬೆಳಗಿನ ಹೊತ್ತು ಗಂಟಲಲ್ಲಿ ಏನೋ ಗೊರಗೊರ. ಆಮೇಲೆ ಮಾತಿನ ತುದಿಗಳು ಕಿತ್ತುಹೋಗತೊಡಗಿದವು. ಒಂದು ದಿನ ಸಿದ್ದೇಗೌಡರ ಮುಚ್ಚಳ ಬಿತ್ತು, ನಾನು "ನಂಬರ್ ಪ್ಲೀಸ್" ಅಂದೆ. ನನಗೇ ಬೇರೆ ಯಾರೋ ಅಂದ ಹಾಗೆ ಕೇಳಿಸಿತು.

"ಯಾರಪ್ಪಾ ನೀನು? ಅಮ್ಮಾವ್ರು ಎಲ್ಲೋದ್ರು?"

"ನಾನೇ ಗೌಡ್ರೆ."

"ನಾನೇ ಅಂದ್ರೆ ಯಾರ್ಲಾ? ಆ ಯಮ್ಮುನ್ ಜಾಗದಲ್ ಕೂತ್ಕಂಡ್ ತಮಾಸೆ ಮಾಡ್ತೀಯಾ?"

ನಾನೇ ಎಂದು ಅವರನ್ನು ನಂಬಿಸುವ ಹೊತ್ತಿಗೆ ನನ್ನ ಗಂಟಲು ಇನ್ನಷ್ಟು ಕೆಟ್ಟಿತು. ಸುದ್ದಿ ತಂತಿಗಳಲ್ಲಿ ಹರಿದಾಡಿತು. ಫೋನು ಎತ್ತಿದವರೆಲ್ಲ ನಂಬರು ಬಿಟ್ಟು ಮನೆಮದ್ದು ಹೇಳಲು ಶುರುಮಾಡಿದರು. ವಕೀಲರ ಮನೆಯಿಂದ ಹಾಲಿಗೆ ಅರಿಶಿನ, ದೇವಸ್ಥಾನದ ಅರ್ಚಕರಿಂದ ಜ್ಯೇಷ್ಠಮಧು, ಗೌಡರಿಂದ ಶುಂಠಿಬೆಲ್ಲ. ಎಲ್ಲವನ್ನೂ ಮಾಡಿದೆ. ಶುಂಠಿಬೆಲ್ಲವನ್ನು ಅಜ್ಜಿ ಪಥ್ಯದ ಬೆಲ್ಲದ ಮೇಲೆ ಹೆಚ್ಚುವರಿಯಾಗಿ ಕೊಟ್ಟಳು. ನಾಲಿಗೆಯ ಮೇಲೆ, ಬಾಯಂಗಳದಲ್ಲಿ, ಎಳೆಮಕ್ಕಳ ಬಾಯಲ್ಲಿ ಕಾಣುವಂಥ ಮೊಸರಿನ ಚೂರಿನ ಹಾಗೆ ಬಿಳಿ ಕಟ್ಟಿಕೊಂಡಿತು. ಖಾರ ತಾಗಿದರೆ ಕಣ್ಣಲ್ಲಿ ನೀರು. ಅಜ್ಜಿ ನೋಡಿ, ಯಾರದೋ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.

ನರಸಿಂಹಮೂರ್ತಿಗಳು ಒಂದು ದಿನ ಬೋರ್ಡಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ನಿನ್ನ ಕೆಲಸದ ಮೇಲೆ ನನ್ನದೇನೂ ದೂರಿಲ್ಲ. ಆದರೆ ಕಂಪ್ಲೇಂಟು ಬರ್ತಾ ಇದೆ, ನಂಬರು ಅರ್ಥವಾಗಲ್ಲ ಅಂತ. ಮಂಡ್ಯದಿಂದ ಇಂಜಿನಿಯರ್ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಅವರೇ ಹೆಡ್‌ಸೆಟ್ ಹಾಕಿಕೊಂಡು ಕೇಳ್ತಾರೆ. ಆಪರೇಟರಿಗೆ ದನಿ ಇಲ್ಲ ಅಂತ ಬರೆದರೆ ನಾನು ಏನೂ ಮಾಡಕ್ಕಾಗಲ್ಲ," ಎಂದರು. ಬೇಜಾರಿನಿಂದಲೇ ಹೇಳಿದರು, ಅದೇ ಇನ್ನೂ ಹೆದರಿಕೆ ಹುಟ್ಟಿಸಿತು.

ಪಂಪಿನಿಂದಲೇ ಹೀಗಾಗಿದೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಅದು ಬರುವ ಮುಂಚೆ ದನಿಯಿತ್ತು, ಬಂದ ಮೇಲೆ ಹೋಯಿತು. ಹಾಗಾದರೆ ಲೆಕ್ಕ ಸರಳ. ಉಸಿರು ಬೇಕಾದರೆ ಕೆಲಸ ಬಿಡಬೇಕು, ಕೆಲಸ ಬೇಕಾದರೆ ಉಸಿರು ಬಿಡಬೇಕು. ನನ್ನ ವಯಸ್ಸು ಅಂಥದು, ನಾನು ಕೆಲಸವನ್ನೇ ಆರಿಸಿಕೊಂಡೆ. ಪಂಪನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಕೆಲಸ ಕಳೆದುಕೊಂಡರೆ ಊರಿಗೆ ಹೋಗಿ ಮತ್ತೆ ಆ ನಡುಕೋಣೆಯಲ್ಲೇ ಕೂರಬೇಕು. ಅದಕ್ಕಿಂತ ಉಬ್ಬಸವೇ ವಾಸಿ ಅನ್ನಿಸಿತು. ಉಬ್ಬಸ ಮರಳಿ ಬರುವವರೆಗೆ ಮಾತ್ರ ಹಾಗನ್ನಿಸಿತು.

ಕೆಲವು ದಿನಗಳಲ್ಲೇ ಬಂತು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಹೊಸಿಲು ದಾಟಲಾರದೆ ಅಲ್ಲೇ ಕುಸಿದು ಕೂತೆ. ಅಜ್ಜಿ ಬೆನ್ನು ನೀವುತ್ತಾ, "ಎಲ್ಲವ್ವಾ ಅದು, ಸೀಮೆ ಮದ್ದು?" ಎಂದಳು. ನಾನು ಟ್ರಂಕಿನ ಕಡೆ ಕೈ ತೋರಿಸಿದೆ. ಏಕೆಂದು ಅವಳಿಗೆ ಹೇಳಲೇಬೇಕಾಯಿತು. ಹೇಳಲು ಉಸಿರೂ ಇರಲಿಲ್ಲ, ದನಿಯೂ ಇರಲಿಲ್ಲ. ಚೂರುಚೂರಾಗಿ ಹೇಳಿದೆ.

ಅಜ್ಜಿ ನೆಟ್ಟಗೆ ಟ್ರಂಕಿನ ಬಳಿ ಹೋದಳು. ಬೀಗ ತೆಗೆದು ಪಂಪು ತಂದು ನನ್ನ ಕೈಯಲ್ಲಿಟ್ಟಳು.

"ದನಿ ಓದ್ರೆ ಓಗ್ಲಿ. ಕೆಲ್ಸ ಓದ್ರೂ ಓಗ್ಲಿ. ನೀನ್ ಇದ್ರೆ ಸಾಕು ನಂಗೆ. ಒತ್ಕೊ," ಎಂದಳು. ನಾನು ಒತ್ತಿಕೊಂಡ ಮೇಲೆ, "ನಾಳೆ ಮೈಸೂರ್ಗೆ ನಾನೂ ಬತ್ತೀನಿ. ಆ ಡಾಕ್ಟ್ರುನ್ ಕೇಳ್ತೀನಿ, ಒಂದ್ ಕೊಟ್ಟು ಒಂದ್ ಕಿತ್ಕಳದು ಯಾವೂರ್ ನ್ಯಾಯ ಅಂತ," ಎಂದಳು.

ಮರುದಿನ ರೈಲಿನಲ್ಲಿ ಇಡೀ ದಾರಿ ಅಜ್ಜಿ ಡಾಕ್ಟರಿಗೆ ಹೇಳಬೇಕಾದ್ದನ್ನು ಕಿಟಕಿಯ ಕಡೆ ಮುಖಮಾಡಿ ತಾಲೀಮು ಮಾಡುತ್ತಿದ್ದಳು. ಡಾಕ್ಟರು ನನ್ನ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. "ಮುಕ್ಕಳಿಸ್ತಾ ಇದ್ದೀರಾ?" ಎಂದು ಕೇಳಿದರು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಹಿಂದೆಮುಂದೆ ನೋಡದೆ, ಬಹುಮಾನಕ್ಕೆ ನಿಂತವಳ ಹಾಗೆ, ತನ್ನ ಪಥ್ಯವನ್ನೆಲ್ಲ ಒಪ್ಪಿಸಿದಳು. ಪೂರ್ವ, ಬೆಲ್ಲ, ತುಳಸಿಕಟ್ಟೆ, ಯಾವುದನ್ನೂ ಬಿಡಲಿಲ್ಲ. "ಒಂದ್ ದಿನ್ವೂ ತಪ್ಸಿಲ್ಲ ಕಣಪ್ಪ, ಒಂದ್ ತೊಟ್ ನೀರ್ ಮುಟ್ಸಿಲ್ಲ," ಎಂದಳು.

ಡಾಕ್ಟರು ನಗಲಿಲ್ಲ, ಅದಕ್ಕೆ ಇಂದಿಗೂ ನಾನು ಅವರಿಗೆ ಋಣಿ. ಕುರ್ಚಿಯನ್ನು ಅಜ್ಜಿಯ ಕಡೆಗೇ ತಿರುಗಿಸಿಕೊಂಡರು.

"ಅಜ್ಜಿ, ಈ ಮದ್ದು ಹೋಗಬೇಕಾದ್ದು ಎದೆಗೆ. ಒತ್ತಿದಾಗ ಹೋಗಬೇಕಾದ್ದು ಹೋಗಿಬಿಡುತ್ತೆ. ಉಳಿದದ್ದು ನಾಲಿಗೆ ಮೇಲೆ, ಗಂಟಲಲ್ಲಿ ಮೆತ್ತಿಕೊಳ್ಳುತ್ತೆ. ಅಲ್ಲಿ ಅದಕ್ಕೆ ಕೆಲಸ ಇಲ್ಲ. ಬಿಟ್ಟರೆ ಬೂಷ್ಟು ಬೆಳೆಯುತ್ತೆ. ಈ ಬಿಳಿ ಅದೇ. ಮೇಲಿಂದ ಬೆಲ್ಲ ಬೇರೆ ಹಾಕಿದರೆ ಆ ಬೂಷ್ಟಿಗೆ ಔತಣ."

ಅಜ್ಜಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಉಪ್ನಕಾಯ್ ತಕ್ಕಂಡ್ ಮ್ಯಾಲೆ ಜಾಡಿ ಬಾಯಿ ಒರುಸ್ದೆ ಮುಚ್ಚುದ್ರೆ ಬೂಷ್ಟ್ ಇಡೀತದಲ್ಲ, ಅಂಗಾ?"

"ಸರಿಯಾಗಿ ಹಾಗೇ."

"ಒಳಗಿನ ಉಪ್ನಕಾಯ್ಗೆ ಏನೂ ಆಗಾಕಿಲ್ಲ, ಬಾಯ್ ಒರುಸುದ್ರೆ."

"ಏನೂ ಆಗಲ್ಲ."

"ಇದ್ನ ಮೊದ್ಲೇ ಪಥ್ಯ ಅಂತ ಏಳ್ಬೇಕು ತಾನೇ, ಸ್ವಾಮಿ? ಬಾಯ್ ತೊಳ್ಕೊ ಅಂದ್ರೆ ಯಾರ್ ಕಿವಿಗ್ ಆಕ್ಕತ್ತಾರೆ?"

ಡಾಕ್ಟರು ಒಪ್ಪಿಕೊಂಡರು. ಪೆನ್ನು ಕೆಳಗಿಟ್ಟು, ಗಂಭೀರವಾಗಿ ಪಥ್ಯ ಹೇಳಿದರು. ಊಟಕ್ಕೆ ಮುಂಚೆ ಪಂಪು. ಒತ್ತಿದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ, ತಲೆ ಹಿಂದಕ್ಕೆ ವಾಲಿಸಿ, ಗಂಟಲ ತಳದವರೆಗೆ ಗಳಗಳ. ಉಗುಳುವುದು, ನುಂಗುವಂತಿಲ್ಲ. ಬೆಲ್ಲ ಬಂದ್. ಬಾಯಿಗೆ ಬಳಿಯಲು ನೇರಳೆ ಬಣ್ಣದ ಒಂದು ಔಷಧಿ. ಗಂಟಲು ಸರಿಯಾಗುವವರೆಗೆ ಮಾತಿಲ್ಲ, ಪಿಸುಮಾತೂ ಇಲ್ಲ, ಪಿಸುಮಾತು ಗಂಟಲಿಗೆ ಇನ್ನೂ ಕೆಟ್ಟದ್ದು. "ದನಿ ವಾಪಸು ಬರುತ್ತಾ?" ಎಂದು ನಾನು ಪಿಸುಗುಟ್ಟಿದೆ. "ಬರುತ್ತೆ. ಈಗ ಕೇಳಿದ್ರಲ್ಲ, ಅದೇ ಕೊನೇ ಪಿಸುಮಾತು," ಎಂದರು.

ಹಿಂದಿರುಗುವ ರೈಲಿನಲ್ಲಿ ನನಗೆ ಅಳು ಬಂತು. ಎರಡರಲ್ಲಿ ಒಂದನ್ನು ಬಿಡಬೇಕು ಎಂದುಕೊಂಡು ಎಷ್ಟು ದಿನ ಒಳಗೊಳಗೇ ಸತ್ತಿದ್ದೆ! ಬಿಡಬೇಕಾಗಿದ್ದದ್ದು ಒಂದು ಚೂರು ಬೆಲ್ಲ. ಅಜ್ಜಿ ಅಳುವುದಕ್ಕೂ ಬಿಡಲಿಲ್ಲ. "ಗಂಟ್ಲು ಬಿಗೀತದೆ, ಸುಮ್ಕಿರು," ಎಂದು ತನ್ನ ಸೆರಗಿನಲ್ಲೇ ಕಣ್ಣೊರೆಸಿದಳು.

ಪಥ್ಯವೆಂದು ಒಪ್ಪಿಕೊಂಡ ಮೇಲೆ ಅಜ್ಜಿಯನ್ನು ಹಿಡಿಯುವವರು ಯಾರು? ಬೆಳಿಗ್ಗೆ ಸಂಜೆ ನೀರು ಬಿಸಿಮಾಡಿಕೊಂಡು ಚೊಂಬು ಹಿಡಿದು ಬಚ್ಚಲ ಬಳಿ ಪಹರೆ ನಿಲ್ಲುತ್ತಿದ್ದಳು. ಗಳಗಳ ಸದ್ದು ಅವಳ ಮನಸ್ಸಿಗೆ ಬರದಿದ್ದರೆ, "ಇನ್ನೂ ಒಳೀಕೆ, ಇನ್ನೂ ಒಳೀಕೆ," ಎಂದು ಬಾವಿ ತೋಡಿಸುವವಳ ಹಾಗೆ ಹುರಿದುಂಬಿಸುತ್ತಿದ್ದಳು. ಪೂರ್ವಕ್ಕೆ ಮುಖಮಾಡುವುದನ್ನು ಮಾತ್ರ ಬಿಡಲಿಲ್ಲ, ಡಾಕ್ಟರು ಅದಕ್ಕೆ ಬೇಡ ಅಂದಿರಲಿಲ್ಲವಲ್ಲ. ನೇರಳೆ ಔಷಧಿಯಿಂದ ನನ್ನ ನಾಲಿಗೆ, ತುಟಿ, ಹಲ್ಲು ಎಲ್ಲ ಒಂದೇ ಬಣ್ಣವಾಯಿತು. ನರಸಿಂಹಮೂರ್ತಿಗಳು ನನ್ನನ್ನು ಬೋರ್ಡಿನಿಂದ ಎಬ್ಬಿಸಿ ಕರೆಗಳ ಲೆಕ್ಕದ ಟಿಕೆಟ್ ಬರೆಯುವ ಮೇಜಿಗೆ ಕೂರಿಸಿದರು. ಯಾರಾದರೂ ಮಾತಾಡಿಸಿದರೆ ನಾನು ನಗುತ್ತಿದ್ದೆ, ಅವರು ಬೆಚ್ಚಿ ಹಿಂದಕ್ಕೆ ಸರಿಯುತ್ತಿದ್ದರು.

ಜಗಲಿಯ ಮೇಲೆ ಬಾಯಿ ಮುಚ್ಚಿ ಕೂತದ್ದು ಕೊನೆಗೂ ಉಪಯೋಗಕ್ಕೆ ಬಂತು ನೋಡಿ. ಮಾತಾಡದೆ ಇರುವುದನ್ನು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ, ಇಷ್ಟಪಟ್ಟು ಕಲಿತಿರಲಿಲ್ಲ ಅಷ್ಟೆ. ಬಾಯಿಯ ಬಿಳಿ ಮೊದಲು ಹೋಯಿತು, ಆಮೇಲೆ ಉರಿ. ಒಂದು ಬೆಳಿಗ್ಗೆ ಮುಕ್ಕಳಿಸಿ ಉಗುಳಿ, ನನಗೇ ಗೊತ್ತಿಲ್ಲದೆ "ಅಜ್ಜಿ, ಟವಲ್ಲು" ಅಂದೆ. ಗೊರಗೊರ ಇರಲಿಲ್ಲ. ಅಜ್ಜಿ ಟವಲು ಕೊಟ್ಟು, "ಸಾಕು, ಇವತ್ತಿಗ್ ಇಷ್ಟೇ," ಎಂದಳು.

ಇನ್‌ಸ್ಪೆಕ್ಷನ್ ದಿನ ಬಂತು. ನನ್ನ ಕೆಲಸ ಕಾಯಂ ಆಯಿತು ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಓದುಗರನ್ನು ತುದಿಗಾಲಲ್ಲಿ ನಿಲ್ಲಿಸುವ ಚಟ ನನಗಿಲ್ಲ. ಆದರೆ ಆ ಹೊತ್ತಿಗೆ ನನಗದು ಗೊತ್ತಿರಲಿಲ್ಲವಲ್ಲ. ಇಂಜಿನಿಯರ್ ಸಾಹೇಬರು ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು. ದನಿ ಮೊದಲಿನ ಹಾಗೆಯೇ ಇರಲಿಲ್ಲ, ತಳದಲ್ಲಿ ಸ್ವಲ್ಪ ಭಾರವಾಗಿತ್ತು. ಆದರೆ ಸ್ಪಷ್ಟವಾಗಿತ್ತು, ಒಡೆಯುತ್ತಿರಲಿಲ್ಲ. ಮೊದಲ ಕರೆಗಳಲ್ಲೇ ಸಿದ್ದೇಗೌಡರ ಮುಚ್ಚಳ ಬಿತ್ತು. ನಾನು "ನಂಬರ್ ಪ್ಲೀಸ್" ಎಂದೆನೋ ಇಲ್ಲವೋ, ಗೌಡರು ನಂಬರು ಮರೆತು ಮಂಡಿಯ ಆಳುಗಳ ಕಡೆ ತಿರುಗಿ, "ಅಮ್ಮಾವ್ರು ಬಂದ್ಬುಟ್ರು ಕಣ್ರಲಾ!" ಎಂದು ಕೂಗಿದರು. ಇಂಜಿನಿಯರು ಕಿವಿಯಿಂದ ಹೆಡ್‌ಸೆಟ್ಟನ್ನು ಸ್ವಲ್ಪ ದೂರ ಸರಿಸಿದರು.

ಒಂದಿಷ್ಟು ಹೊತ್ತಿನ ಮೇಲೆ ಅದೇ ಮಂಡಿಯ ಮುಚ್ಚಳ ಮತ್ತೆ ಬಿತ್ತು. ಅಜ್ಜಿ ಮನೆಯಲ್ಲಿ ಕೂರಲಾರದೆ, ಮೊಮ್ಮಗಳ ದನಿ ಇವತ್ತು ಹೇಗಿದೆ ಎಂದು ವಿಚಾರಿಸಲು ಗೌಡರ ಮಂಡಿಗೇ ನಡೆದುಹೋಗಿದ್ದಳು. "ನನ್ನೇನ್ ಕೇಳೀಯೆ, ನೀನೇ ಕೇಳು," ಎಂದು ಗೌಡರು ರಿಸೀವರನ್ನು ಅವಳ ಕೈಗೆ ಕೊಟ್ಟಿದ್ದರು. ಅಜ್ಜಿ ಹುಟ್ಟಿದ ಮೇಲೆ ಫೋನು ಮುಟ್ಟಿದ್ದು ಅದೇ ಮೊದಲು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

"ನಂಬರ್ ಪ್ಲೀಸ್," ಅಂದೆ.

ಉಸಿರಾಡುವ ಸದ್ದು. ಹಿಂದಿನಿಂದ ಗೌಡರು, "ಮಾತಾಡಜ್ಜಿ, ಅದ್ರೊಳೀಕೆ ಮಾತಾಡು," ಅನ್ನುತ್ತಿದ್ದರು.

"ನಂಬರ್ ಪ್ಲೀಸ್. ಯಾರು ಬೇಕಾಗಿತ್ತು ತಮಗೆ?"

"ನಮ್ ಪುಟ್ಟಿ ಬೇಕಾಗಿತ್ತು ಕಣವ್ವ. ಅಲ್ಲೇ ಕೆಲ್ಸ ಮಾಡ್ತದೆ ಅದು. ನೀನ್ಯಾರವ್ವ, ದೊಡ್ ಆಪೀಸ್ರಾ?"

ಮನೆಯಲ್ಲಿ ಪೂರಿಗಾಲಿಯ ಪುಟ್ಟಿಯನ್ನು ಮಾತ್ರ ಕೇಳಿದ್ದ ಅಜ್ಜಿ, ಬೋರ್ಡಿನ ಮುಂದಿನ ಈ ದನಿಯನ್ನು ಒಂದು ಸಲವೂ ಕೇಳಿರಲಿಲ್ಲ.

"ನಾನೇ ಅಜ್ಜಿ. ಪುಟ್ಟಿ."

ಅಜ್ಜಿ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ ಸದ್ದು ಬಂತು.

"ನೀನಾ? ಇದಾ ನಿನ್ ದನಿ?" ಅಜ್ಜಿಯ ಮಾತು ತೀರಾ ಮೆತ್ತಗಾಯಿತು. "ಇಂಥಾ ದನಿನೇನವ್ವ ನಾನು ಬೆಲ್ಲ ಮಡಗಿ ಕಟ್ಟಾಕಿದ್ದು?"

ಡ್ಯೂಟಿಯಲ್ಲಿ ಸ್ವಂತ ಮಾತು ಆಡಕೂಡದು. ಇಂಜಿನಿಯರು ಪಕ್ಕದಲ್ಲೇ ಎಲ್ಲವನ್ನೂ ಕೇಳುತ್ತಿದ್ದರು. ಬೋರ್ಡಿನ ಮೇಲೆ ಮುಚ್ಚಳಗಳು ಟಪಟಪ ಬೀಳುತ್ತಿದ್ದವು. ನಾನು ಕಿತ್ತುಬಿಡೋಣವೆಂದು ಬಳ್ಳಿಗೆ ಕೈ ಹಾಕಿದೆ.

"ಉತ್ತರ ಕೊಡಮ್ಮ," ಎಂದರು ಇಂಜಿನಿಯರು, ತಲೆ ತಗ್ಗಿಸಿಕೊಂಡೇ. "ಸಬ್‌ಸ್ಕ್ರೈಬರ್ ಕಾಯ್ತಾ ಇದ್ದಾರೆ."

"ಬಿಚ್ಚಿದೋಳೂ ನೀನೇ ಅಲ್ವಾ ಅಜ್ಜಿ," ಅಂದೆ. ದನಿ ಎಲ್ಲೂ ಒಡೆಯಲಿಲ್ಲ.